ಪರಿಸರ ವಿಜ್ಞಾನದ ಮೊದಲ ಸಂಶೋಧನಾ ಪ್ರಾಜೆಕ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಶೋಧನಾ ವಿಧಾನಗಳ ಪಾಠವನ್ನು ತರಗತಿಯಲ್ಲಿ ಚೆನ್ನಾಗಿಯೇ ಕಲಿತವರು ಕೂಡ, ಬಾಟಲಿ ಹಿಡಿದು ನೀರಿನ ಅಂಚಿನಲ್ಲಿ ನಿಂತಾಗ ಮೊದಲ ಮಾದರಿಯನ್ನು ಎಲ್ಲಿಂದ ತೆಗೆಯಬೇಕೆಂದು ತಿಳಿಯದೆ ತಡವರಿಸುತ್ತಾರೆ. ಅಂಥವರು ಕೇಳುವ ಪ್ರಶ್ನೆಗಳನ್ನು, ಪ್ರಾಜೆಕ್ಟಿನಲ್ಲಿ ಅವು ಎದುರಾಗುವ ಕ್ರಮದಲ್ಲಿಯೇ, ಇಲ್ಲಿ ಜೋಡಿಸಲಾಗಿದೆ. ಉತ್ತರಗಳು ಬೇರೆ ಬೇರೆಯಾಗಿ ಕಂಡರೂ ಅವುಗಳ ಹಿಂದಿರುವ ಅನುಮಾನ ಒಂದೇ: ನನ್ನ ಕೈಯಲ್ಲಿರುವ ಈ ಅಂಕಿ ಯಾವ ಯಾವ ಕಾರಣಗಳಿಂದ ತಪ್ಪಾಗಿರಬಹುದು?

ವಿಷಯ ಆಯ್ಕೆಯಾಗಿದೆ. ಮುಂದೇನು ಮಾಡಬೇಕೆಂದು ತಿಳಿಯುತ್ತಿಲ್ಲ. ಎಲ್ಲಿಂದ ಆರಂಭಿಸಲಿ?

ಬಹುಶಃ ನಿಮ್ಮ ಬಳಿ ಇರುವುದು ವಿಷಯ ಮಾತ್ರ. ಪ್ರಶ್ನೆ ಇನ್ನೂ ಹುಟ್ಟಿಲ್ಲ. "ಕೆರೆಯ ನೀರಿನ ಮಾಲಿನ್ಯ" ಎಂಬುದು ವಿಷಯ. "ಕೆರೆಗೆ ನೀರು ಬಂದು ಸೇರುವ ಕಡೆಯಲ್ಲಿಯೂ ಹೊರಹೋಗುವ ಕಡೆಯಲ್ಲಿಯೂ ಕರಗಿದ ಆಮ್ಲಜನಕದ ಪ್ರಮಾಣ ಒಂದೇ ಹೊತ್ತಿನಲ್ಲಿ ಅಳೆದಾಗ ಬೇರೆಯಾಗಿರುತ್ತದೆಯೆ?" ಎಂಬುದು ಪ್ರಶ್ನೆ. ಎರಡನೆಯದರಲ್ಲಿ ಏನನ್ನು ಅಳೆಯಬೇಕು, ಎಲ್ಲಿ ಅಳೆಯಬೇಕು, ಯಾವುದರೊಡನೆ ಹೋಲಿಸಬೇಕು ಎಂಬ ಮೂರೂ ಅಡಗಿವೆ.

ಪ್ರಶ್ನೆ ಪಕ್ವವಾಗಿದೆಯೆ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ಕ್ಷೇತ್ರಕ್ಕೆ ಹೋಗುವ ಮೊದಲೇ, ಫಲಿತಾಂಶಗಳನ್ನು ಬರೆಯಲಿರುವ ಕೋಷ್ಟಕವನ್ನು ಖಾಲಿಯಾಗಿ ಎಳೆಯಿರಿ. ಅಡ್ಡಸಾಲು ಏನನ್ನು ಸೂಚಿಸುತ್ತದೆ, ಕಂಬಸಾಲಿನ ತಲೆಯಲ್ಲಿ ಯಾವ ಮಾನವಿದೆ ಎಂದು ಬರೆಯಲಾಗದಿದ್ದರೆ ಪ್ರಶ್ನೆ ಇನ್ನೂ ಹಸಿಯಾಗಿದೆ ಎಂದರ್ಥ. ಕೋಷ್ಟಕ ಸಿದ್ಧವಾದ ಮೇಲೆ ಅದಕ್ಕೆ ಸುಮ್ಮನೆ ಕಲ್ಪಿತ ಅಂಕಿಗಳನ್ನು ತುಂಬಿ, ನೀವು ಮಾಡಬೇಕೆಂದಿರುವ ವಿಶ್ಲೇಷಣೆಯನ್ನು ಒಮ್ಮೆ ಪೂರ್ತಿಯಾಗಿ ಮಾಡಿ ನೋಡಿ. ಆರು ತಿಂಗಳ ನಂತರ ತಿಳಿಯಬೇಕಾಗಿದ್ದ ಕೊರತೆಗಳು ಒಂದು ಸಂಜೆಯಲ್ಲಿ ಗೋಚರಿಸುತ್ತವೆ. (ಆ ಕಲ್ಪಿತ ಕಡತವನ್ನು ಅನಂತರ ಅಳಿಸಿಬಿಡಿ, ನಿಜವಾದ ದತ್ತಾಂಶದ ಪಕ್ಕದಲ್ಲಿ ಅದು ಎಂದಿಗೂ ಉಳಿಯಬಾರದು.)

ಪ್ರಾಕ್ಕಲ್ಪನೆ (ಪರೀಕ್ಷಿಸಿ ನೋಡಲು ಮುಂಚೆಯೇ ಇಟ್ಟುಕೊಳ್ಳುವ ಊಹೆ) ಇರಲೇಬೇಕೆ?

ಹೋಲಿಕೆ ಮಾಡುವ ಅಥವಾ ಕಾರಣ ಹುಡುಕುವ ಪ್ರಾಜೆಕ್ಟಿಗೆ ಇರಬೇಕು, ಮತ್ತು ಅದನ್ನು ದತ್ತಾಂಶ ಕೈಗೆ ಬರುವ ಮೊದಲೇ ದಿನಾಂಕ ಹಾಕಿ ಬರೆದಿಡಬೇಕು. ಅಂಕಿಗಳನ್ನು ನೋಡಿದ ಮೇಲೆ ಅವಕ್ಕೆ ಹೊಂದುವಂತೆ ಹೊಸೆದ ಪ್ರಾಕ್ಕಲ್ಪನೆ, ಬಾಣ ನೆಟ್ಟ ಜಾಗದ ಸುತ್ತ ಗುರಿಯ ವೃತ್ತ ಬರೆದಂತೆ. ಆದರೆ ಒಂದು ಸ್ಥಳದ ಸ್ಥಿತಿಯನ್ನು ದಾಖಲಿಸುವುದಷ್ಟೇ ಉದ್ದೇಶವಾಗಿದ್ದರೆ ಸ್ಪಷ್ಟವಾದ ಪ್ರಶ್ನೆ ಸಾಕು. ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರು ಹವಾಯಿಯ ಮೌನಾ ಲೋವಾದಲ್ಲಿ 1958ರ ಮಾರ್ಚ್‌ನಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಅಳೆಯಲು ಆರಂಭಿಸಿದಾಗ ಅದರ ಪ್ರಮಾಣ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಇತ್ತು. ಇಂದು ಅದು 420ನ್ನು ಮೀರಿದೆ. ಆ ಕೆಲಸದ ಬಲವಿರುವುದು, ಒಂದೇ ವಿಧಾನದಲ್ಲಿ, ಅತ್ಯಂತ ನಿಖರವಾಗಿ, ಬಿಡದೆ ಅಳೆಯುತ್ತ ಹೋದ ತಾಳ್ಮೆಯಲ್ಲಿ. ಆದ್ದರಿಂದ "ನಿಮ್ಮದು ಬರೀ ವರ್ಣನಾತ್ಮಕ ಅಧ್ಯಯನ" ಎಂದು ಯಾರಾದರೂ ಹಗುರವಾಗಿ ಮಾತನಾಡಿದರೆ ಕುಗ್ಗಬೇಕಾಗಿಲ್ಲ. ವರ್ಣನೆ ನಿಖರವಾಗಿದೆಯೆ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ಎಷ್ಟು ಲೇಖನಗಳನ್ನು ಓದಬೇಕು?

ಸಂಖ್ಯೆಗಿಂತ ಓದುವ ಬಗೆ ಮುಖ್ಯ. ಮೊದಲ ಪ್ರಾಜೆಕ್ಟಿಗೆ, ನಿಮ್ಮ ಪ್ರಶ್ನೆಗೆ ತೀರ ಹತ್ತಿರದ ಏಳೆಂಟು ಲೇಖನಗಳ "ವಿಧಾನ" ಭಾಗವನ್ನು ಸಾಲು ಸಾಲಾಗಿ ಓದುವುದು, ಐವತ್ತು ಲೇಖನಗಳ ಸಾರಾಂಶವನ್ನು ಕಣ್ಣಾಡಿಸುವುದಕ್ಕಿಂತ ಮೇಲು. ಓದುವಾಗ ಪ್ರತಿಯೊಂದರಲ್ಲಿಯೂ ಎಷ್ಟು ಸ್ಥಳಗಳು, ಎಷ್ಟು ಮಾದರಿಗಳು, ಯಾವ ಋತು, ಯಾವ ಉಪಕರಣ, ಯಾವ ಪರೀಕ್ಷೆ ಎಂದು ಒಂದೇ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಿ. ಲೇಖಕರು ತಮ್ಮ ಅಧ್ಯಯನದ ಮಿತಿಗಳನ್ನು ಒಪ್ಪಿಕೊಂಡಿರುವ ವಾಕ್ಯಗಳನ್ನು ವಿಶೇಷವಾಗಿ ಬರೆದಿಟ್ಟುಕೊಳ್ಳಿ. ನಿಮ್ಮ ಮುಂದಿನ ಪ್ರಶ್ನೆ ಹೆಚ್ಚಾಗಿ ಅಲ್ಲಿಯೇ ಇರುತ್ತದೆ.

ನಿಯಂತ್ರಣ, ಅಂದರೆ ಹೋಲಿಕೆಗೆ ಆಧಾರವಾಗುವ ಸ್ಥಳ ಅಥವಾ ಮಾದರಿ, ಎಂದು ಯಾವುದನ್ನು ತೆಗೆದುಕೊಳ್ಳಬೇಕು? ಪ್ರಕೃತಿಯಲ್ಲಿ ಎಲ್ಲವೂ ಬೇರೆ ಬೇರೆಯಾಗಿರುತ್ತದಲ್ಲವೆ?

ಪ್ರಯೋಗಶಾಲೆಯಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲ ಚಲಕಗಳನ್ನು ಹಿಡಿದಿಡಬಹುದು. ಹೊರಗೆ ಅದು ಸಾಧ್ಯವಿಲ್ಲ. ಹಾಗೆಂದು ನಿಯಂತ್ರಣವನ್ನು ಕೈಬಿಡುವಂತಿಲ್ಲ, ಅದನ್ನು ಜಾಣತನದಿಂದ ಕಟ್ಟಬೇಕು. ಇದಕ್ಕೆ ನಾನು ಸದಾ ಕೊಡುವ ಉದಾಹರಣೆ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿರುವ, 226 ಎಂಬ ಸಂಖ್ಯೆಯಿಂದ ಗುರುತಿಸಲಾಗುವ ಸರೋವರ. ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ ಅದರ ಇಕ್ಕಟ್ಟಾದ ನಡುಭಾಗದಲ್ಲಿ ಪರದೆಯೊಂದನ್ನು ಇಳಿಬಿಟ್ಟು ಸರೋವರವನ್ನು ಎರಡಾಗಿ ವಿಭಾಗಿಸಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕವನ್ನು ಸೇರಿಸಿದರು; ಇನ್ನೊಂದಕ್ಕೆ ಅವೆರಡರ ಜೊತೆಗೆ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಪಾಚಿಯಿಂದ ಹಸಿರಾಯಿತು, ಇನ್ನೊಂದು ಭಾಗ ಮೊದಲಿನಂತೆಯೇ ಉಳಿಯಿತು. ಮಳೆ, ಬಿಸಿಲು, ಆಳ, ಮೂಲ ನೀರು ಎರಡೂ ಕಡೆ ಬಹುಮಟ್ಟಿಗೆ ಸಮಾನವಾಗಿದ್ದವು, ಬೇರೆಯಾಗಿದ್ದದ್ದು ರಂಜಕ. ನೀರಿಗೆ ಪೋಷಕಾಂಶಗಳು ಅತಿಯಾಗಿ ಸೇರಿದಾಗ ಯಾವುದನ್ನು ತಡೆಯಬೇಕೆಂಬ ವಾದಕ್ಕೆ ಅದರ ಆಕಾಶಚಿತ್ರವೊಂದೇ ಬಹಳ ಬಲ ತಂದಿತು.

ನಿಮಗೆ ಸರೋವರಕ್ಕೆ ಪರದೆ ಹಾಕುವ ಅವಕಾಶ ಸಿಗಲಿಕ್ಕಿಲ್ಲ. ಆದರೆ ತತ್ತ್ವ ಅದೇ: ನೀವು ಅನುಮಾನಿಸುವ ಕಾರಣವೊಂದನ್ನು ಬಿಟ್ಟು ಉಳಿದ ವಿಷಯಗಳಲ್ಲಿ ಆದಷ್ಟು ಹೋಲುವ ಸ್ಥಳವನ್ನು ಹುಡುಕುವುದು. ಹರಿಯುವ ನೀರಿನಲ್ಲಿ ತ್ಯಾಜ್ಯ ಸೇರುವ ಜಾಗಕ್ಕಿಂತ ಮೇಲಿನ ಭಾಗವನ್ನು ಕೆಳಗಿನ ಭಾಗದೊಡನೆ ಹೋಲಿಸುವುದು ವಾಡಿಕೆ. ಅಲ್ಲಿಯೂ ಎಚ್ಚರ ಬೇಕು. ಕೆಳಗಿನ ಭಾಗದಲ್ಲಿ ಮರಗಳ ನೆರಳಿಲ್ಲದಿದ್ದರೆ ನೀರು ಬಿಸಿಯಾಗಿರುವುದಕ್ಕೆ ತ್ಯಾಜ್ಯ ಕಾರಣವಾಗಿರಬೇಕಿಲ್ಲ. ಏನಾದರೊಂದು ಬದಲಾವಣೆ ಆಗಲಿದೆಯೆಂದು ಮೊದಲೇ ತಿಳಿದಿದ್ದರೆ, ಬದಲಾವಣೆಗೆ ಮೊದಲು ಮತ್ತು ಅನಂತರ, ಬದಲಾಗುವ ಸ್ಥಳದಲ್ಲಿಯೂ ಬದಲಾಗದ ಸ್ಥಳದಲ್ಲಿಯೂ ಅಳೆಯುವ ವಿನ್ಯಾಸ ಎಲ್ಲಕ್ಕಿಂತ ಬಲವಾದದ್ದು.

ಎಷ್ಟು ಮಾದರಿಗಳು ಬೇಕು? ಮೂವತ್ತು ಸಾಕೆ?

ಮೂವತ್ತು ಎಂಬ ಸಂಖ್ಯೆಗೆ ಮಂತ್ರಶಕ್ತಿಯೇನೂ ಇಲ್ಲ. ಎಷ್ಟು ಬೇಕೆಂಬುದು ನೀವು ಅಳೆಯುವ ವಸ್ತು ಎಷ್ಟು ಏರುಪೇರಾಗುತ್ತದೆ ಮತ್ತು ಎಷ್ಟು ಸಣ್ಣ ವ್ಯತ್ಯಾಸವನ್ನು ನೀವು ಗುರುತಿಸಬೇಕಾಗಿದೆ ಎಂಬ ಎರಡನ್ನು ಅವಲಂಬಿಸಿದೆ. ಒಂದು ಲೆಕ್ಕವನ್ನು ಮಾತ್ರ ನೆನಪಿಡಿ: ಸರಾಸರಿಯ ಅನಿಶ್ಚಿತತೆ ಮಾದರಿಗಳ ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ಅಂದರೆ ಅನಿಶ್ಚಿತತೆಯನ್ನು ಅರ್ಧಕ್ಕೆ ಇಳಿಸಬೇಕಾದರೆ ಮಾದರಿಗಳನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು. ಆದ್ದರಿಂದ ಮೊದಲು ಐದಾರು ಮಾದರಿಗಳ ಒಂದು ಪೂರ್ವಪರೀಕ್ಷೆ ನಡೆಸಿ, ಅದರಲ್ಲಿ ಕಂಡ ಏರುಪೇರಿನ ಆಧಾರದ ಮೇಲೆ ಸಂಖ್ಯೆಯನ್ನು ನಿರ್ಧರಿಸುವುದು ಸರಿಯಾದ ಕ್ರಮ. ಪೂರ್ವಪರೀಕ್ಷೆಯಿಂದ ಇನ್ನೊಂದು ಲಾಭವೂ ಇದೆ. ಒಂದು ಮಾದರಿಗೆ ಇಪ್ಪತ್ತು ನಿಮಿಷ ಸಾಕೆಂದು ಕಾಗದದ ಮೇಲೆ ಬರೆದದ್ದು ಕೆಸರಿನಲ್ಲಿ ಒಂದು ಗಂಟೆಯಾಗುತ್ತದೆ ಎಂಬುದು ಆಗಲೇ ತಿಳಿಯುತ್ತದೆ.

ಒಂದೇ ಬಾಟಲಿಯ ನೀರನ್ನು ಮೂರು ಸಲ ಅಳೆದಿದ್ದೇನೆ. ಮೂರು ಮಾದರಿಗಳೆಂದು ಎಣಿಸಬಹುದೆ?

ಎಣಿಸುವಂತಿಲ್ಲ. ಮೊದಲ ಪ್ರಾಜೆಕ್ಟುಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದೇ ಬಾಟಲಿಯನ್ನು ಮೂರು ಸಲ ಅಳೆದರೆ ತಿಳಿಯುವುದು ನಿಮ್ಮ ಉಪಕರಣ ಮತ್ತು ಕೈ ಎಷ್ಟು ಸ್ಥಿರವಾಗಿವೆ ಎಂಬುದು. ಒಂದೇ ಕೆರೆಯಿಂದ ಮೂರು ಬಾಟಲಿ ತುಂಬಿದರೆ ಆ ಕೆರೆಯೊಳಗಿನ ಏರುಪೇರು ತಿಳಿಯುತ್ತದೆ. "ತ್ಯಾಜ್ಯ ಸೇರುವ ಕೆರೆಗಳಲ್ಲಿ ಆಮ್ಲಜನಕ ಕಡಿಮೆ" ಎಂದು ಹೇಳಬೇಕಾದರೆ ಮಾತ್ರ ತ್ಯಾಜ್ಯ ಸೇರುವ ಹಲವು ಕೆರೆಗಳೂ ಸೇರದ ಹಲವು ಕೆರೆಗಳೂ ಬೇಕು. ಅಲ್ಲಿ ನಿಮ್ಮ ಮಾದರಿ ಎಂದರೆ ಕೆರೆ, ಬಾಟಲಿಯಲ್ಲ. ಎರಡೇ ಕೆರೆಗಳಿಂದ ಐವತ್ತೈವತ್ತು ಬಾಟಲಿ ತುಂಬಿ ನೂರು ಮಾದರಿಗಳೆಂದು ಲೆಕ್ಕ ಹಾಕಿದರೆ, ಸಂಖ್ಯಾಶಾಸ್ತ್ರದ ಪರೀಕ್ಷೆ ಬಹಳ ಆತ್ಮವಿಶ್ವಾಸದಿಂದ ವ್ಯತ್ಯಾಸವಿದೆ ಎನ್ನುತ್ತದೆ. ಆ ವ್ಯತ್ಯಾಸ ಈ ಎರಡು ಕೆರೆಗಳ ನಡುವೆ ಇರುವುದು ನಿಜವೇ. ಆದರೆ ಅದಕ್ಕೆ ತ್ಯಾಜ್ಯವೇ ಕಾರಣವೆಂಬುದಕ್ಕೆ ನಿಮ್ಮ ಬಳಿ ಇರುವುದು ಒಂದೊಂದೇ ಸಾಕ್ಷಿ.

ಇದನ್ನು ಹುಸಿ ಪುನರಾವರ್ತನೆ ಎನ್ನುತ್ತಾರೆ. ಸ್ಟುವರ್ಟ್ ಹರ್ಲ್‌ಬರ್ಟ್ ಅವರು 1984ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ 176 ಪರಿಸರ ಪ್ರಯೋಗಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇಕಡಾ 27ರಷ್ಟರಲ್ಲಿ ಈ ದೋಷವಿದೆಯೆಂದು ತೋರಿಸಿದರು. ಅನುಭವಿಗಳೇ ಎಡವಿದ ಜಾಗವಿದು. ಹಾಗೆ ನೋಡಿದರೆ ಮೇಲೆ ಹೇಳಿದ 226ನೆಯ ಸರೋವರದಲ್ಲಿಯೂ ಇದ್ದದ್ದು ಒಂದೊಂದೇ ಭಾಗ. ಅಂಥ ಪ್ರಯೋಗದ ಬಲ ಬರುವುದು ಪರಿಣಾಮದ ಅಗಾಧತೆಯಿಂದ ಮತ್ತು ಬೇರೆ ಸರೋವರಗಳಲ್ಲಿ ನಡೆದ ಅಧ್ಯಯನಗಳೊಡನೆ ಅದು ಹೊಂದಿಕೊಳ್ಳುವುದರಿಂದ. ನಿಮಗೆ ಎರಡೇ ಸ್ಥಳಗಳು ಸಾಧ್ಯವೆಂದಾದರೆ ಹಾಗೆಯೇ ಮಾಡಿ, ಆದರೆ ತೀರ್ಮಾನವನ್ನು ಆ ಎರಡು ಸ್ಥಳಗಳಿಗಷ್ಟೇ ಸೀಮಿತಗೊಳಿಸಿ ಬರೆಯಿರಿ.

ಮಾದರಿ ತೆಗೆಯುವ ಜಾಗವನ್ನು ಹೇಗೆ ಆರಿಸಬೇಕು? ಕಣ್ಣು ಮುಚ್ಚಿ ಕ್ವಾಡ್ರಾಟ್ (ಗಿಡಗಳನ್ನು ಎಣಿಸಲು ನೆಲದ ಮೇಲಿಡುವ ಚೌಕಟ್ಟು) ಎಸೆದರೆ ಸಾಕಲ್ಲವೆ?

ಸಾಲದು. ಕಣ್ಣು ಮುಚ್ಚಿಕೊಂಡರೂ ಕೈಗೆ ಮುಳ್ಳುಪೊದೆ ಯಾವ ಕಡೆ ಇದೆಯೆಂದು ಗೊತ್ತಿರುತ್ತದೆ. ಚೌಕಟ್ಟು ಅದರಿಂದ ದೂರವೇ ಬೀಳುತ್ತದೆ. ಪೊದೆಯಡಿಯ ಗಿಡಗಳು ನಿಮ್ಮ ಲೆಕ್ಕದಿಂದ ಸದ್ದಿಲ್ಲದೆ ಹೊರಗುಳಿಯುತ್ತವೆ. ಯಾದೃಚ್ಛಿಕ ಎಂದರೆ ಮನಸ್ಸಿಗೆ ತೋಚಿದ್ದು ಎಂದಲ್ಲ. ಪ್ರತಿ ಜಾಗಕ್ಕೂ ಆಯ್ಕೆಯಾಗುವ ಅವಕಾಶ ಸಮಾನವಾಗಿರಬೇಕು ಎಂದು. ಸ್ಥಳದ ಎರಡು ಅಂಚುಗಳಿಗೆ ಅಳತೆಪಟ್ಟಿ ಹಾಸಿ, ಯಾದೃಚ್ಛಿಕ ಸಂಖ್ಯೆಗಳ ಜೋಡಿಯನ್ನು ಮನೆಯಲ್ಲಿಯೇ ತೆಗೆದುಕೊಂಡು ಹೋಗಿ, ಅವು ಸೂಚಿಸಿದ ಬಿಂದುವಿನಲ್ಲಿಯೇ ಚೌಕಟ್ಟನ್ನು ಇಡಿ, ಅಲ್ಲಿ ಮುಳ್ಳಿದ್ದರೂ ಸರಿ.

ಸ್ಥಳದೊಳಗೆ ಸ್ಪಷ್ಟವಾದ ವಿಭಾಗಗಳಿದ್ದರೆ, ಉದಾಹರಣೆಗೆ ನೆರಳು ಮತ್ತು ಬಯಲು, ಮೊದಲು ವಿಂಗಡಿಸಿ ಪ್ರತಿಯೊಂದರೊಳಗೆ ಯಾದೃಚ್ಛಿಕವಾಗಿ ಆರಿಸಿ. ನೀರಿನಂಚಿನಿಂದ ಒಣನೆಲದ ಕಡೆಗೆ ಆಗುವ ಕ್ರಮೇಣ ಬದಲಾವಣೆಯನ್ನು ತಿಳಿಯಬೇಕಾದರೆ ಮಾತ್ರ ಒಂದು ಗೆರೆಯುದ್ದಕ್ಕೆ ಸಮಾನ ಅಂತರದಲ್ಲಿ ಅಳೆಯುವುದು, ಅಂದರೆ ಟ್ರಾನ್ಸೆಕ್ಟ್, ಹೆಚ್ಚು ಸೂಕ್ತ. ಚೌಕಟ್ಟಿನ ಗಾತ್ರ ಗಿಡಗಳ ಗಾತ್ರಕ್ಕೆ ತಕ್ಕಂತಿರಲಿ: ಹುಲ್ಲು ಮತ್ತು ಸಣ್ಣ ಗಿಡಗಳಿಗೆ ಒಂದು ಚದರ ಮೀಟರ್, ಮರಗಳಿಗೆ ಹತ್ತು ಮೀಟರ್ ಚೌಕ ಸಾಮಾನ್ಯ. ಅನುಮಾನವಿದ್ದರೆ ಚೌಕಟ್ಟನ್ನು ಹಂತಹಂತವಾಗಿ ದೊಡ್ಡದು ಮಾಡುತ್ತ ಹೋಗಿ. ಹೊಸ ಪ್ರಭೇದಗಳು ಸಿಗುವುದು ಎಲ್ಲಿ ತೀರ ಕಡಿಮೆಯಾಗುತ್ತದೆಯೋ ಆ ಗಾತ್ರವನ್ನು ಹಿಡಿಯಿರಿ.

ಸ್ಥಳ ಒಂದೇ ಆದ ಮೇಲೆ ಬೆಳಿಗ್ಗೆ ಹೋದರೇನು, ಮಧ್ಯಾಹ್ನ ಹೋದರೇನು?

ಬಹಳ ವ್ಯತ್ಯಾಸವಾಗುತ್ತದೆ. ಪಾಚಿ ಮತ್ತು ಜಲಸಸ್ಯಗಳು ಹಗಲಿನಲ್ಲಿ ಆಮ್ಲಜನಕವನ್ನು ಬಿಡುಗಡೆ ಮಾಡುತ್ತವೆ, ಉಸಿರಾಟವಂತೂ ರಾತ್ರಿಯಿಡೀ ನಡೆಯುತ್ತದೆ. ಆದ್ದರಿಂದ ಕರಗಿದ ಆಮ್ಲಜನಕ ಬೆಳಗಿನ ಜಾವ ಸೂರ್ಯೋದಯದ ಹೊತ್ತಿಗೆ ಅತಿ ಕಡಿಮೆ, ಮಧ್ಯಾಹ್ನದ ನಂತರ ಅತಿ ಹೆಚ್ಚು ಇರುತ್ತದೆ. ಮೊದಲ ಕೆರೆಯನ್ನು ಬೆಳಿಗ್ಗೆ ಆರಕ್ಕೂ ಎರಡನೆಯದನ್ನು ಮಧ್ಯಾಹ್ನ ಮೂರಕ್ಕೂ ಅಳೆದವರು ಕೆರೆಗಳನ್ನು ಹೋಲಿಸಿದಂತಾಗಲಿಲ್ಲ, ಹೊತ್ತನ್ನು ಹೋಲಿಸಿದಂತಾಯಿತು. ಉಷ್ಣತೆಯ ಪಾತ್ರವೂ ಇದೆ: ಸಮುದ್ರಮಟ್ಟದ ಒತ್ತಡದಲ್ಲಿ ಸಿಹಿನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಹಿಡಿದಿಡುವುದು ಸುಮಾರು 7.6 ಮಿಲಿಗ್ರಾಂ. ಹೀಗಾಗಿ ಉಷ್ಣತೆಯನ್ನು ಬರೆಯದ ಆಮ್ಲಜನಕದ ಅಂಕಿಗೆ ಅರ್ಧ ಬೆಲೆಯಷ್ಟೇ.

ದುಬಾರಿ ಉಪಕರಣಗಳಿಲ್ಲ. ಒಳ್ಳೆಯ ಪ್ರಾಜೆಕ್ಟ್ ಸಾಧ್ಯವೆ?

ಸಾಧ್ಯ. ಏಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿ-ಖಗೋಳವಿಜ್ಞಾನಿ 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಬಿಳಿಯ ತಟ್ಟೆಗಳನ್ನು ಇಳಿಬಿಟ್ಟು ನೀರಿನ ತಿಳಿತನವನ್ನು ಅಳೆದರು. ಅದೇ ಸೆಕ್ಕಿ ತಟ್ಟೆ ಇಂದಿಗೂ ಬಳಕೆಯಲ್ಲಿದೆ. ಸಿಹಿನೀರಿಗೆ 20 ಸೆಂಟಿಮೀಟರ್ ವ್ಯಾಸದ, ಕಪ್ಪು ಬಿಳುಪು ಕಾಲುಭಾಗಗಳಿರುವ ತಟ್ಟೆ, ಅಳತೆ ಗುರುತಿಸಿದ ಹಗ್ಗ, ಅಡಿಗೆ ಒಂದು ಭಾರ, ಇಷ್ಟೇ. ತಟ್ಟೆ ಕಾಣದಾಗುವ ಆಳವನ್ನೂ ಮೇಲೆತ್ತುವಾಗ ಮತ್ತೆ ಕಾಣುವ ಆಳವನ್ನೂ ಬರೆದು ಸರಾಸರಿ ತೆಗೆಯಬೇಕು. ಬಿಸಿಲು ನೆತ್ತಿಯ ಮೇಲಿರುವ ಹೊತ್ತಿನಲ್ಲಿ, ದೋಣಿಯ ನೆರಳಿನ ಕಡೆಯಿಂದ, ತಂಪು ಕನ್ನಡಕ ತೆಗೆದು, ಪ್ರತಿ ಸಲವೂ ಒಬ್ಬರೇ ನೋಡಬೇಕು. ಹಗ್ಗ ನೆನೆದು ಹಿಗ್ಗುವುದುಂಟು. ವರ್ಷಕ್ಕೊಮ್ಮೆಯಾದರೂ ಗುರುತುಗಳನ್ನು ಪರೀಕ್ಷಿಸಿ.

ಜೀವಿಗಳೂ ಉಪಕರಣಗಳೇ. ಫಿನ್‌ಲೆಂಡಿನ ವಿಲಿಯಂ ನೈಲಾಂಡರ್ 1866ರಲ್ಲಿಯೇ ಪ್ಯಾರಿಸ್ಸಿನ ಉದ್ಯಾನವೊಂದರ ಕಲ್ಲುಹೂವುಗಳನ್ನು ಗಮನಿಸಿ, ಅವು ಗಾಳಿಯ ಶುದ್ಧತೆಯನ್ನು ಸೂಚಿಸುತ್ತವೆ ಎಂದಿದ್ದರು. ತೊರೆಗಳಲ್ಲಿ ಕಲ್ಲುಗಳಡಿ ಬದುಕುವ ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಎಂಬ ಕೀಟಗಳ ಮರಿಗಳು ಆಮ್ಲಜನಕದ ಕೊರತೆಯನ್ನು ಸಾಮಾನ್ಯವಾಗಿ ಸಹಿಸುವುದಿಲ್ಲ; ರಾಸಾಯನಿಕ ಪರೀಕ್ಷೆ ನೀವು ಬಾಟಲಿ ತುಂಬಿದ ಕ್ಷಣವನ್ನು ಮಾತ್ರ ಹೇಳಿದರೆ, ಈ ಮರಿಗಳು ಹಿಂದಿನ ಹಲವು ವಾರಗಳ ಕಥೆ ಹೇಳುತ್ತವೆ. ಕುಟುಂಬದ ಮಟ್ಟದವರೆಗೆ ಅವುಗಳನ್ನು ಗುರುತಿಸಲು ಒಂದು ಮಸೂರ, ಬಿಳಿಯ ತಟ್ಟೆ ಮತ್ತು ಕೆಲವು ವಾರಗಳ ಅಭ್ಯಾಸ ಸಾಕು.

ಅಗ್ಗದ ಸೆನ್ಸರ್‌ಗಳನ್ನು ನಂಬಬಹುದೆ?

ಪರೀಕ್ಷಿಸಿದ ಮೇಲೆ, ಮಿತಿಯರಿತು ನಂಬಬಹುದು. ಗಾಳಿಯಲ್ಲಿನ ಸೂಕ್ಷ್ಮ ಕಣಗಳನ್ನು, ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದವನ್ನು, ತೋರಿಸುವ ಸಣ್ಣ ಸೆನ್ಸರ್‌ಗಳು ಕಣಗಳನ್ನು ತೂಗುವುದಿಲ್ಲ. ಅವು ಚದುರಿಸುವ ಬೆಳಕಿನಿಂದ ಪ್ರಮಾಣವನ್ನು ಅಂದಾಜಿಸುತ್ತವೆ. ಗಾಳಿಯಲ್ಲಿ ತೇವಾಂಶ ಹೆಚ್ಚಾದಾಗ ಕಣಗಳು ನೀರು ಹೀರಿ ಉಬ್ಬುವುದರಿಂದ ಮಂಜಿನ ಬೆಳಗಿನಲ್ಲಿ ಸೆನ್ಸರ್ ಮಾಲಿನ್ಯವನ್ನು ಹೆಚ್ಚಾಗಿ ತೋರಿಸುತ್ತದೆ. ಆದ್ದರಿಂದ ತೇವಾಂಶವನ್ನೂ ದಾಖಲಿಸಿ. ಬೇರೆ ಬೇರೆ ಸ್ಥಳಗಳಿಗೆ ಹಂಚುವ ಮೊದಲು ನಿಮ್ಮ ಎಲ್ಲ ಸೆನ್ಸರ್‌ಗಳನ್ನೂ ಕೆಲವು ದಿನ ಒಂದೇ ಜಾಗದಲ್ಲಿ ಪಕ್ಕಪಕ್ಕ ಇಡಿ, ಸಾಧ್ಯವಾದರೆ ಅಧಿಕೃತ ಮಾಪನ ಕೇಂದ್ರದ ಬಳಿ. ಒಂದೇ ಗಾಳಿಗೆ ಅವು ಬೇರೆ ಬೇರೆ ಅಂಕಿ ಕೊಟ್ಟರೆ ಆ ವ್ಯತ್ಯಾಸ ಸೆನ್ಸರ್‌ಗಳದೇ ಹೊರತು ಗಾಳಿಯದಲ್ಲ, ಮತ್ತು ಅದನ್ನು ಮುಂದೆ ಲೆಕ್ಕದಲ್ಲಿ ಕಳೆಯಬಹುದು. ಪಿಎಚ್ ಮೀಟರಿಗೂ ಇದೇ ಮಾತು ಅನ್ವಯಿಸುತ್ತದೆ: ಪ್ರತಿದಿನ ಕೆಲಸಕ್ಕೆ ಮೊದಲು, ನೀವು ನಿರೀಕ್ಷಿಸುವ ಮೌಲ್ಯದ ಎರಡೂ ಬದಿಯ ಬಫರ್ ದ್ರಾವಣಗಳಿಂದ (ಪಿಎಚ್ ಮೊದಲೇ ತಿಳಿದಿರುವ ದ್ರಾವಣಗಳು), ಸಾಮಾನ್ಯವಾಗಿ 4 ಮತ್ತು 7 ಅಥವಾ 7 ಮತ್ತು 10, ಅದನ್ನು ಸರಿಹೊಂದಿಸಿ.

ಶುದ್ಧ ನೀರನ್ನೂ ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಬೇಕೆನ್ನುತ್ತಾರೆ. ಇದು ವ್ಯರ್ಥವಲ್ಲವೆ?

ಇದನ್ನು ಬ್ಲ್ಯಾಂಕ್ ಎನ್ನುತ್ತಾರೆ. ಭಟ್ಟಿ ಇಳಿಸಿದ ನೀರನ್ನು ಕ್ಷೇತ್ರಕ್ಕೆ ಕೊಂಡೊಯ್ದು, ಅಲ್ಲಿಯೇ ಬಾಟಲಿಗೆ ಸುರಿದು, ಉಳಿದ ಮಾದರಿಗಳಿಗೆ ಮಾಡಿದ್ದೆಲ್ಲವನ್ನೂ ಅದಕ್ಕೂ ಮಾಡಬೇಕು. ಅದರಲ್ಲಿ ನೈಟ್ರೇಟ್ ಸಿಕ್ಕಿತೆಂದರೆ ಆ ನೈಟ್ರೇಟ್ ಬಂದದ್ದು ನಿಮ್ಮ ಬಾಟಲಿ, ಕೈ ಅಥವಾ ರಾಸಾಯನಿಕದಿಂದ. ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು 1956ರಲ್ಲಿ ಪ್ರಕಟಿಸಿದ ಕ್ಲೇರ್ ಪ್ಯಾಟರ್ಸನ್ ಅವರಿಗೆ, ಸೀಸವನ್ನು ಅಳೆಯುವ ಆ ಕೆಲಸದಲ್ಲಿ ಕಲ್ಲಿಗಿಂತ ಹೆಚ್ಚು ಕಾಡಿದ್ದು ಪ್ರಯೋಗಶಾಲೆಯ ಗಾಳಿ, ಧೂಳು, ಪಾತ್ರೆಗಳಿಂದ ಸೇರುತ್ತಿದ್ದ ಸೀಸ. ಅದನ್ನು ಹೊರಗಿಡಲು ಅವರು ಅತ್ಯಂತ ಶುದ್ಧವಾದ ಪ್ರಯೋಗಕೋಣೆಯನ್ನೇ ರೂಪಿಸಬೇಕಾಯಿತು. ಆ ಕಿರಿಕಿರಿಯ ಬೆನ್ನು ಹತ್ತಿಯೇ ಅವರು ಪರಿಸರದಲ್ಲಿ ಸೀಸ ಎಷ್ಟು ವ್ಯಾಪಕವಾಗಿ ಹರಡಿದೆಯೆಂದು ತೋರಿಸಿ, ಪೆಟ್ರೋಲಿನಲ್ಲಿ ಸೀಸ ಬೆರೆಸುವುದರ ವಿರುದ್ಧ ವಾದಿಸಿದರು. ಹತ್ತು ಮಾದರಿಗಳಿಗೆ ಒಂದು ಬ್ಲ್ಯಾಂಕ್ ಮತ್ತು ಒಂದು ಜೋಡಿ ಮಾದರಿ (ಅದೇ ಜಾಗದಿಂದ ಅದೇ ಹೊತ್ತಿನಲ್ಲಿ ತೆಗೆದ ಎರಡನೆಯ ಬಾಟಲಿ) ಇಟ್ಟುಕೊಳ್ಳುವುದು ಒಳ್ಳೆಯ ರೂಢಿ.

ಮಾದರಿಗಳನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು?

ಅಳೆಯುವ ಅಂಶವನ್ನು ಅವಲಂಬಿಸಿದೆ. ಉಷ್ಣತೆ, ಪಿಎಚ್ ಮತ್ತು ಕರಗಿದ ಆಮ್ಲಜನಕವನ್ನು ಸ್ಥಳದಲ್ಲಿಯೇ ಅಳೆಯಬೇಕು. ವಿಂಕ್ಲರ್ ವಿಧಾನವನ್ನು ಬಳಸುವವರು ಆಮ್ಲಜನಕವನ್ನು ಸ್ಥಳದಲ್ಲಿಯೇ ರಾಸಾಯನಿಕವಾಗಿ ಹಿಡಿದಿಟ್ಟು, ಟೈಟ್ರೇಷನ್ನನ್ನು, ಅಂದರೆ ಇನ್ನೊಂದು ದ್ರಾವಣವನ್ನು ಅಳೆದು ಸೇರಿಸಿ ಪ್ರಮಾಣ ಕಂಡುಹಿಡಿಯುವುದನ್ನು, ಲ್ಯಾಬಿಗೆ ಬಂದ ಮೇಲೆ ಮಾಡಬಹುದು. ನೈಟ್ರೇಟ್ ಪರೀಕ್ಷೆಗೆ 4 ಡಿಗ್ರಿಯ ತಂಪಿನಲ್ಲಿಟ್ಟು 48 ಗಂಟೆಗಳೊಳಗೆ ಮುಗಿಸಬೇಕು. ಲೋಹಗಳಿಗೆ ನೈಟ್ರಿಕ್ ಆಮ್ಲ ಸೇರಿಸಿ ಪಿಎಚ್ ಅನ್ನು 2ಕ್ಕಿಂತ ಕೆಳಗಿಳಿಸಿದರೆ ತಿಂಗಳುಗಟ್ಟಲೆ ಉಳಿಯುತ್ತವೆ. ಆ ಆಮ್ಲವನ್ನು ತರಬೇತಿ ಇಲ್ಲದೆ, ಕೈಗವಸು ಮತ್ತು ಕನ್ನಡಕ ಇಲ್ಲದೆ ಮುಟ್ಟಬೇಡಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಕ್ರಿಮಿಶುದ್ಧ ಬಾಟಲಿ ಬೇಕು, ಅದು ಆದಷ್ಟೂ ಆರು ಗಂಟೆಗಳೊಳಗೆ ಲ್ಯಾಬ್ ತಲುಪಬೇಕು. ಫಾಸ್ಫೇಟ್ ಅಳೆಯುವವರು ಬಾಟಲಿಗಳನ್ನು ಫಾಸ್ಫೇಟ್ ಇರುವ ಸೋಪಿನಿಂದ ತೊಳೆಯಬಾರದು ಎಂಬುದು ಕೇಳಿದಾಗ ನಗು ತರಿಸುತ್ತದೆ, ಫಲಿತಾಂಶ ನೋಡಿದಾಗ ತರಿಸುವುದಿಲ್ಲ.

ಕ್ಷೇತ್ರಪುಸ್ತಕದಲ್ಲಿ ಏನೇನು ಬರೆಯಬೇಕು? ಮೊಬೈಲಿನಲ್ಲಿ ಬರೆದರೆ ಆಗದೆ?

ಮೊಬೈಲ್ ಚಿತ್ರ ತೆಗೆಯಲು, ಅಕ್ಷಾಂಶ ರೇಖಾಂಶ ಗುರುತಿಸಲು ಉಪಯುಕ್ತ. ಆದರೂ ಪುಟಸಂಖ್ಯೆ ಹಾಕಿದ ಪುಸ್ತಕ ಮತ್ತು ಪೆನ್ಸಿಲ್ ಇರಲಿ. ನೆನೆದ ಕಾಗದದ ಮೇಲೂ ಪೆನ್ಸಿಲ್ ಉಳಿಯುತ್ತದೆ. ದಿನಾಂಕ, ಗಂಟೆ, ಹವೆ, ಹಿಂದಿನ ದಿನಗಳ ಮಳೆ, ಜೊತೆಗಿದ್ದವರು, ಉಪಕರಣದ ಗುರುತು, ಕ್ಯಾಲಿಬ್ರೇಷನ್ ಮಾಡಿದ ಹೊತ್ತು, ಇವೆಲ್ಲ ಬೇಕು. "ದಡದಲ್ಲಿ ಸತ್ತ ಮೀನು ಎರಡು" ಎಂಬಂಥ, ಯಾವ ಕಂಬಸಾಲಿಗೂ ಹೊಂದದ ಟಿಪ್ಪಣಿಯೂ ಬೇಕು. ತಪ್ಪಾದದ್ದನ್ನು ಉಜ್ಜಿ ಅಳಿಸದೆ ಒಂದು ಗೆರೆ ಹೊಡೆಯಿರಿ. ಮನೆಗೆ ಬಂದ ದಿನವೇ ಪುಟಗಳ ಚಿತ್ರ ತೆಗೆದು ಬೇರೊಂದು ಕಡೆ ಉಳಿಸಿ.

ಒಂದು ಅಂಕಿ ಉಳಿದೆಲ್ಲಕ್ಕಿಂತ ವಿಪರೀತವಾಗಿದೆ. ತೆಗೆದುಹಾಕಬಹುದೆ?

ಅದು ತಪ್ಪೆಂಬುದಕ್ಕೆ ಸ್ವತಂತ್ರ ಕಾರಣ ನಿಮ್ಮ ಕ್ಷೇತ್ರಪುಸ್ತಕದಲ್ಲಿ ಇದ್ದರೆ, ಉದಾಹರಣೆಗೆ ಆ ಬಾಟಲಿಯ ಮುಚ್ಚಳ ಸಡಿಲವಾಗಿತ್ತೆಂದು ಅಂದೇ ಬರೆದಿದ್ದರೆ, ತೆಗೆಯಬಹುದು, ಮತ್ತು ತೆಗೆದಿದ್ದೇನೆಂದು ವರದಿಯಲ್ಲಿ ಹೇಳಬೇಕು. ನಿರೀಕ್ಷೆಗೆ ಹೊಂದುವುದಿಲ್ಲ ಎಂಬುದೊಂದೇ ಕಾರಣವಾದರೆ ತೆಗೆಯುವಂತಿಲ್ಲ.

ಅಂಟಾರ್ಕ್ಟಿಕಾದ ಹ್ಯಾಲಿ ಕೇಂದ್ರದಲ್ಲಿ ನೆಲದ ಮೇಲಿನ ಉಪಕರಣದಿಂದ ಓಜೋನನ್ನು ಅಳೆಯುತ್ತಿದ್ದ ಜೋ ಫಾರ್ಮನ್, ಬ್ರಯಾನ್ ಗಾರ್ಡಿನರ್ ಮತ್ತು ಜೊನಾಥನ್ ಶಾಂಕ್ಲಿನ್ ಅವರಿಗೆ ಅಲ್ಲಿನ ವಸಂತಕಾಲದಲ್ಲಿ ಅಂಕಿಗಳು ನಂಬಲಾಗದಷ್ಟು ಇಳಿಯುತ್ತಿರುವುದು ಕಂಡಿತು. ಉಪಕರಣವನ್ನೇ ಅನುಮಾನಿಸಿ ಪರೀಕ್ಷಿಸಿದ ಮೇಲೆಯೇ ಅವರು 1985ರಲ್ಲಿ ಅದನ್ನು ಪ್ರಕಟಿಸಿದರು. ಓಜೋನ್ ರಂಧ್ರ ಜಗತ್ತಿಗೆ ತಿಳಿದದ್ದು ಹಾಗೆ. ಉಪಗ್ರಹದ ದತ್ತಾಂಶವನ್ನು ಕಂಪ್ಯೂಟರ್ ಅಳಿಸಿಹಾಕಿತ್ತು ಎಂಬ ಕಥೆ ಪ್ರಚಲಿತವಾಗಿದೆ. ಅದು ಪೂರ್ತಿ ಸರಿಯಲ್ಲ: ಅತಿ ಕಡಿಮೆ ಮೌಲ್ಯಗಳಿಗೆ ಸಂಶಯಾಸ್ಪದವೆಂಬ ಗುರುತು ಬಿದ್ದಿತ್ತು, ಮೂಲ ಅಂಕಿಗಳು ಉಳಿದಿದ್ದವು. ಉಳಿದಿದ್ದರಿಂದಲೇ ಮತ್ತೆ ವಿಶ್ಲೇಷಿಸಿ ರಂಧ್ರದ ವಿಸ್ತಾರವನ್ನು ತೋರಿಸಲು ಸಾಧ್ಯವಾಯಿತು. ನೀವೂ ಹಾಗೆಯೇ ಮಾಡಿ: ಗುರುತು ಹಾಕಿ, ಅಳಿಸಬೇಡಿ, ಆ ಅಂಕಿಯನ್ನು ಸೇರಿಸಿಯೂ ಬಿಟ್ಟೂ ಲೆಕ್ಕ ಮಾಡಿ ಎರಡನ್ನೂ ವರದಿ ಮಾಡಿ.

"ಪತ್ತೆಯಾಗಿಲ್ಲ" ಎಂದು ಬಂದ ಕಡೆ ಸೊನ್ನೆ ಬರೆಯಲೆ?

ಬೇಡ. ಪತ್ತೆಯಾಗಿಲ್ಲ ಎಂದರೆ ಉಪಕರಣದ ಪತ್ತೆಮಿತಿಗಿಂತ ಕಡಿಮೆ ಇದೆ ಎಂದರ್ಥ. "0.05ಕ್ಕಿಂತ ಕಡಿಮೆ" ಎಂಬಂತೆ ಮಿತಿಯನ್ನೇ ಬರೆಯಿರಿ. ಅಂಥವು ಹಲವಿದ್ದರೆ ಸರಾಸರಿಗಿಂತ ಮಧ್ಯಾಂಕ (ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವುದು) ಸುರಕ್ಷಿತ. ಅಳೆಯದೆ ಬಿಟ್ಟದ್ದನ್ನಂತೂ ಖಾಲಿ ಬಿಡಬೇಕು. ಖಾಲಿ, ಸೊನ್ನೆ ಮತ್ತು ಮಿತಿಗಿಂತ ಕಡಿಮೆ ಇವು ಮೂರು ಬೇರೆ ಸಂಗತಿಗಳು.

ಪಿಎಚ್ ಮತ್ತು ಡೆಸಿಬೆಲ್‌ಗಳ ಸರಾಸರಿ ತೆಗೆಯುವಾಗ ಎಚ್ಚರ ಬೇಕೆನ್ನುವುದು ಏಕೆ?

ಎರಡೂ ಲಾಗರಿದಂ ಮಾನಗಳು. ಪಿಎಚ್ ಒಂದು ಅಂಕ ಇಳಿದರೆ ಹೈಡ್ರೋಜನ್ ಅಯಾನುಗಳು ಹತ್ತು ಪಟ್ಟಾಗುತ್ತವೆ. ಪಿಎಚ್ 5 ಮತ್ತು 7ರ ಸಾಮಾನ್ಯ ಸರಾಸರಿ 6. ಅಯಾನುಗಳ ಸಾಂದ್ರತೆಗೆ ಪರಿವರ್ತಿಸಿ ಸರಾಸರಿ ತೆಗೆದು ಮತ್ತೆ ಪಿಎಚ್‌ಗೆ ತಂದರೆ ಸುಮಾರು 5.3. ಹಾಗೆಯೇ ಅರ್ಧ ಹೊತ್ತು 60 ಮತ್ತು ಅರ್ಧ ಹೊತ್ತು 80 ಡೆಸಿಬೆಲ್ ಶಬ್ದವಿದ್ದರೆ, ಶಕ್ತಿಯ ಲೆಕ್ಕದಲ್ಲಿ ಸರಾಸರಿ 70 ಆಗುವುದಿಲ್ಲ, ಸುಮಾರು 77 ಆಗುತ್ತದೆ. ಶಬ್ದದ ವಿಷಯದಲ್ಲಿ ಶಕ್ತಿಯ ಸರಾಸರಿಯೇ ರೂಢಿ. ಪಿಎಚ್‌ಗೆ ಮಧ್ಯಾಂಕ ಮತ್ತು ವ್ಯಾಪ್ತಿ ಕೊಟ್ಟರೆ ತಕರಾರು ಹುಟ್ಟುವುದಿಲ್ಲ.

ಯಾವ ಸಂಖ್ಯಾಶಾಸ್ತ್ರ ಪರೀಕ್ಷೆ ಬಳಸಬೇಕು?

ಮೊದಲು ನಕ್ಷೆ ಬರೆಯಿರಿ. ಫ್ರಾನ್ಸಿಸ್ ಆನ್‌ಸ್ಕೋಂಬ್ 1973ರಲ್ಲಿ ನಾಲ್ಕು ಪುಟ್ಟ ದತ್ತಾಂಶ ಗುಂಪುಗಳನ್ನು ಕೊಟ್ಟರು. ಅವುಗಳ ಸರಾಸರಿ, ಏರುಪೇರು, ಸಹಸಂಬಂಧ ಎಲ್ಲವೂ ಬಹುತೇಕ ಒಂದೇ, ಆದರೆ ನಕ್ಷೆಯಲ್ಲಿ ಒಂದು ನೇರಗೆರೆಯ ಸುತ್ತ ಹರಡಿದ್ದರೆ ಇನ್ನೊಂದು ಕಮಾನಿನಂತೆ ಬಾಗಿದೆ, ಮತ್ತೊಂದು ಒಂದೇ ಬಿಂದುವಿನ ಬಲದಿಂದ ನಿಂತಿದೆ. ಎರಡು ಸ್ವತಂತ್ರ ಗುಂಪುಗಳ ಸರಾಸರಿ ಹೋಲಿಸಲು ಟಿ-ಪರೀಕ್ಷೆ, ಅದೇ ಸ್ಥಳಗಳ ಮೊದಲು-ನಂತರಕ್ಕೆ ಜೋಡಿ ಟಿ-ಪರೀಕ್ಷೆ, ಮೂರು ಅಥವಾ ಹೆಚ್ಚು ಗುಂಪುಗಳಿಗೆ ವಿಚಲನ ವಿಶ್ಲೇಷಣೆ, ವರ್ಗಗಳಾಗಿ ವಿಂಗಡಿಸಿದ ಎಣಿಕೆಗಳಿಗೆ ಕೈ-ವರ್ಗ ಪರೀಕ್ಷೆ. ಮೊದಲ ಪ್ರಾಜೆಕ್ಟಿಗೆ ಇವುಗಳಲ್ಲೊಂದು ಬಹುಪಾಲು ಸಾಕಾಗುತ್ತದೆ. ಟಿ-ಪರೀಕ್ಷೆಯ ಮೂಲವನ್ನು 1908ರಲ್ಲಿ "ಸ್ಟೂಡೆಂಟ್" ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ವಿಲಿಯಂ ಗಾಸೆಟ್ ಬಿಯರ್ ತಯಾರಿಕೆಯ ಕಂಪನಿಯ ಉದ್ಯೋಗಿ. ಕೈಯಲ್ಲಿ ಕೆಲವೇ ಮಾದರಿಗಳಿರುವವರ ಕಷ್ಟ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ನಿಮ್ಮ ಪ್ರಾಕ್ಕಲ್ಪನೆ ಶೇಕಡಾ 95ರಷ್ಟು ನಿಜವೆಂದಲ್ಲ. ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣಿಸುವ ಸಂಭವವನ್ನಷ್ಟೇ ಅದು ಹೇಳುತ್ತದೆ. ಇಪ್ಪತ್ತು ಅಂಶಗಳನ್ನು ಅಳೆದು ಇಪ್ಪತ್ತು ಪರೀಕ್ಷೆ ಮಾಡಿದರೆ ಒಂದಾದರೂ ಸುಮ್ಮನೆ "ಗಮನಾರ್ಹ" ಎಂದು ಬರುವ ಸಂಭವ ಅರ್ಧಕ್ಕಿಂತ ಹೆಚ್ಚು. ಆದ್ದರಿಂದ ವ್ಯತ್ಯಾಸ ಎಷ್ಟು ದೊಡ್ಡದು, ಅದರ ಅನಿಶ್ಚಿತತೆ ಎಷ್ಟು ಎಂಬುದನ್ನು ಮುಂದೆ ಮಾಡಿ, ಪಿ-ಮೌಲ್ಯವನ್ನು ಹಿಂದೆ ಇಡಿ.

ಜನರ ಸಮೀಕ್ಷೆ ಮಾಡುವುದಿದ್ದರೆ?

ಉದ್ದೇಶ ತಿಳಿಸಿ ಒಪ್ಪಿಗೆ ಪಡೆಯಿರಿ, ಹೆಸರುಗಳನ್ನು ಉತ್ತರಗಳಿಂದ ಬೇರ್ಪಡಿಸಿಡಿ, ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಬೇಕೆ ಎಂದು ಮೊದಲೇ ವಿಚಾರಿಸಿ. "ಮಾಲಿನ್ಯದಿಂದ ನಿಮಗೆ ಎಷ್ಟು ತೊಂದರೆಯಾಗಿದೆ?" ಎಂಬ ಪ್ರಶ್ನೆಯಲ್ಲಿಯೇ ಉತ್ತರ ಅಡಗಿದೆ, ಅಂಥವನ್ನು ಕೇಳಬೇಡಿ. ಸಂರಕ್ಷಿತ ಪ್ರದೇಶದಿಂದ ಗಿಡ, ಪ್ರಾಣಿ, ಮಣ್ಣು ತೆಗೆಯಲು ಪ್ರತ್ಯೇಕ ಅನುಮತಿ ಬೇಕಾಗುತ್ತದೆ, ಮತ್ತು ಅದು ಸಿಗಲು ತಿಂಗಳುಗಳು ಹಿಡಿಯಬಹುದು.

ಯಾವ ವ್ಯತ್ಯಾಸವೂ ಸಿಗಲಿಲ್ಲ. ಪ್ರಾಜೆಕ್ಟ್ ವಿಫಲವಾಯಿತೆ?

ಇಲ್ಲ. ಆದರೆ "ವ್ಯತ್ಯಾಸವಿಲ್ಲ" ಎಂಬುದೂ "ವ್ಯತ್ಯಾಸ ಕಾಣಲಿಲ್ಲ" ಎಂಬುದೂ ಒಂದೇ ಅಲ್ಲವೆಂಬುದನ್ನು ನೆನಪಿಡಬೇಕು. ನಿಮ್ಮ ಮಾದರಿಗಳ ಸಂಖ್ಯೆಯಲ್ಲಿ ಎಷ್ಟು ದೊಡ್ಡ ವ್ಯತ್ಯಾಸವಿದ್ದಿದ್ದರೆ ಕಾಣುತ್ತಿತ್ತು ಎಂದು ಲೆಕ್ಕ ಹಾಕಿ ಬರೆದರೆ ಓದುವವರಿಗೆ ಅದು ಉಪಯುಕ್ತ ಮಾಹಿತಿ. ಮೌಖಿಕ ಪರೀಕ್ಷೆಯಲ್ಲಿಯೂ ಕೇಳುವುದು ಇಂಥದ್ದನ್ನೇ: ಈ ಜಾಗವನ್ನೇ ಏಕೆ ಆರಿಸಿದಿರಿ, ಬ್ಲ್ಯಾಂಕಿನಲ್ಲಿ ಎಷ್ಟು ಬಂತು, ಮಳೆ ಬಂದ ದಿನದ ಅಂಕಿಗಳನ್ನು ಏನು ಮಾಡಿದಿರಿ. ಕ್ಷೇತ್ರಪುಸ್ತಕವನ್ನು ಜೊತೆಗೆ ಒಯ್ಯಿರಿ; ಪುಟ ತೆರೆದು ತೋರಿಸಲು ಯಾರೂ ಅಡ್ಡಿ ಮಾಡುವುದಿಲ್ಲ.